ಅವ್ವನ ಅಟ್ಟ, ನನ್ನ ಪೆಲೆಟ್ ಗ್ರಿಲ್ಲು

ಕಳೆದ ವರ್ಷ ಜುಲೈ ತಿಂಗಳ ಒಂದು ಭಾನುವಾರ. ಬೆಳಿಗ್ಗೆ ಐದೂವರೆಗೇ ಎದ್ದು, ವಾನವಡಿಯ ನಮ್ಮ ನೆಲಮಹಡಿ ಫ್ಲ್ಯಾಟಿನ ಹಿಂದಿನ ಪುಟ್ಟ ಅಂಗಳದಲ್ಲಿ, ತಗಡಿನ ಮಾಡಿನ ಕೆಳಗೆ, ಮೂರೂವರೆ ಕಿಲೋ ಹಂದಿಮಾಂಸದ ಮುಂದೆ ಕೈಕಟ್ಟಿ ನಿಂತಿದ್ದೆ. ಮೂವತ್ತು ವರ್ಷದಿಂದ ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುತ್ತಿರುವವನು ನಾನು. ದೊಡ್ಡ ದೊಡ್ಡ ಪಾರ್ಟಿಗಳ ಬ್ಯಾಲೆನ್ಸ್ ಶೀಟಿನ ಮುಂದೆಯೂ ಇಷ್ಟು ಆತಂಕ ಆಗಿರಲಿಲ್ಲ ಅನ್ನಿ!

ಎದುರಿಗಿದ್ದದ್ದು ಪೆಲೆಟ್ ಗ್ರಿಲ್ ಎಂಬ ಅಮೆರಿಕದ ಯಂತ್ರ. ಅಕ್ಕನ ಮಗ ಅಲ್ಲಿನ ಕೆಲಸ ಮುಗಿಸಿ ಮನೆ ಸಾಮಾನಿನ ಜೊತೆ ಇದನ್ನೂ ಹಡಗಿಗೆ ಹಾಕಿಸಿಕೊಂಡು ಬಂದಿದ್ದ. ಹಿಂಜೆವಾಡಿಯ ಹದಿನಾಲ್ಕನೇ ಮಹಡಿಯಲ್ಲಿ ಹೊಗೆ ಹಾಕಲು ಯಾರು ಬಿಡುತ್ತಾರೆ? "ಮಾವ, ನಿಮಗೆ ಅಂಗಳ ಇದೆಯಲ್ಲ, ಇಟ್ಟುಕೊಳ್ಳಿ" ಎಂದು ಟೆಂಪೋದಲ್ಲಿ ಕಳಿಸಿಬಿಟ್ಟ. ಜೊತೆಗೆ ಎರಡು ಚೀಲ ಪೆಲೆಟ್, ಮತ್ತೊಂದು ಭಾರದ ಟ್ರಾನ್ಸ್‌ಫಾರ್ಮರ್. ಅಲ್ಲಿಯ ಕರೆಂಟು 120 ವೋಲ್ಟ್, ನಮ್ಮದು 230. ನೇರವಾಗಿ ಪ್ಲಗ್ ಹಾಕಿದರೆ ಹಂದಿಗೆ ಮೊದಲು ಯಂತ್ರವೇ ಸುಟ್ಟುಹೋಗುತ್ತದೆ.

ಯಂತ್ರದ ಮರ್ಮ ಸರಳ. ಪಕ್ಕದ ಪೆಟ್ಟಿಗೆಯಲ್ಲಿ ಮರದ ಪುಡಿಯನ್ನು ಒತ್ತಿ ಮಾಡಿದ, ಸೀಸದ ಕಡ್ಡಿಯಷ್ಟು ದಪ್ಪದ ಗುಳಿಗೆಗಳು. ಕೆಳಗೊಂದು ತಿರುಪು ತಿರುಗುತ್ತಾ ಅವುಗಳನ್ನು ಸ್ವಲ್ಪ ಸ್ವಲ್ಪವೇ ಬೆಂಕಿಯ ಕುಣಿಕೆಗೆ ತಳ್ಳುತ್ತದೆ. ಕಾದ ಕಡ್ಡಿಯೊಂದು ಬೆಂಕಿ ಹೊತ್ತಿಸುತ್ತದೆ, ಪುಟ್ಟ ಫ್ಯಾನು ಊದುತ್ತದೆ. ಶಾಖ ಎಷ್ಟಿರಬೇಕೆಂದು ಗುಂಡಿ ತಿರುಗಿಸಿದರೆ ಸಾಕು, ಗುಳಿಗೆ ಎಷ್ಟು ಹಾಕಬೇಕೆಂದು ಅದೇ ಲೆಕ್ಕ ಹಾಕಿಕೊಳ್ಳುತ್ತದೆ. ನಾನು 110 ಡಿಗ್ರಿಗೆ ಇಟ್ಟು, ಉಪ್ಪು, ಕರಿಮೆಣಸು, ಅರಿಸಿನ ಸವರಿದ ಭುಜದ ತುಂಡನ್ನು ಒಳಗಿಟ್ಟು, ಕಾಫಿ ಕುಡಿಯುತ್ತಾ ಕುಳಿತೆ. ನೀಲಿ ಹೊಗೆ ತೆಳ್ಳಗೆ ಎದ್ದಿತು. ಮೇಲಿನ ಮನೆಯ ಕಾಕೂ ಕಿಟಕಿಯಿಂದ ಬಗ್ಗಿ "ಕಾಯ್ ಜಳತಂಯ?" ಅಂದರು. ಏನೋ ಸುಡುತ್ತಿದೆ ಅಂತ ಅವರಿಗೆ ಗಾಬರಿ. "ಕಾಹೀ ನಾಹೀ ಕಾಕೂ, ಸ್ವಯಂಪಾಕ್" ಅಂದೆ. ಯಾವುದರ ಪಾಕ ಅಂತ ಹೇಳಲಿಲ್ಲ.

ಮೂರು ಗಂಟೆ ಕಳೆಯಿತು. ಪೇಪರ್ ಓದಿ ಮುಗಿಸಿ ನೋಡುತ್ತೇನೆ, ಹೊಗೆಯಿಲ್ಲ! ಶಾಖ ಇಳಿಯುತ್ತಿದೆ. ತಿರುಪು ತಿರುಗದೆ ಗೊರಗೊರ ಅನ್ನುತ್ತಿದೆ. ಪೆಟ್ಟಿಗೆ ತೆಗೆದು ಕೈ ಹಾಕಿದರೆ, ಗುಳಿಗೆಗಳೆಲ್ಲ ಊದಿ ಒಡೆದು ಒದ್ದೆ ಮರದ ಪುಡಿಯಾಗಿ ಕೂತಿವೆ. ಎರಡು ವಾರ ಮೊದಲೇ ಉತ್ಸಾಹದಿಂದ ತುಂಬಿಸಿಟ್ಟಿದ್ದೆನಲ್ಲ, ಮಳೆಗಾಲದ ತೇವವನ್ನೆಲ್ಲ ಕುಡಿದಿದ್ದವು. ಪೆಲೆಟ್ಟಿಗೆ ಅಂಟು ಹಾಕಿರುವುದಿಲ್ಲ. ಮರದಲ್ಲೇ ಇರುವ ಲಿಗ್ನಿನ್ ಒತ್ತಡದ ಬಿಸಿಗೆ ಮೆತ್ತಗಾಗಿ ಪುಡಿಯನ್ನು ಹಿಡಿದಿಟ್ಟಿರುತ್ತದೆ ಅಷ್ಟೆ. ನೀರು ತಗುಲಿದರೆ ಕತೆ ಮುಗಿಯಿತು.

ಹೆಂಡತಿ ಬಂದು ನೋಡಿದಳು. ಅರೆಬೆಂದ ಮಾಂಸವನ್ನು ಉಗುರುಬೆಚ್ಚಗೆ ಹಾಗೇ ಬಿಡಬಾರದು ಅಂತ ಅವಳಿಗೆ ಯಾವ ಪುಸ್ತಕವೂ ಹೇಳಿಕೊಡಬೇಕಿರಲಿಲ್ಲ. ಎತ್ತಿಕೊಂಡು ಹೋಗಿ ತುಂಡು ಮಾಡಿ ಕುಕ್ಕರಿಗೆ ಹಾಕಿದಳು. ಮಧ್ಯಾಹ್ನ ಪಂದಿ ಕರಿ ಆಯಿತು, ಚೆನ್ನಾಗಿಯೂ ಇತ್ತು. ಬಡಿಸುತ್ತಾ ಒಂದು ಮಾತು ಅಂದಳು: "ಮಳೆ ಬರುತ್ತೆ ಅಂತಲೇ ನಿಮ್ಮ ಅವ್ವ ಮಾಂಸ ಹೊಗೆಗೆ ಕಟ್ಟುತ್ತಿದ್ದರು. ನಿಮ್ಮ ಮಿಷನ್ನು ಮಳೆ ಬಂದರೆ ನಿಂತೇ ಹೋಗುತ್ತಲ್ಲ!"

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಹೊಗೆ ಹಾಕಿದ ಹಂದಿಮಾಂಸದ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡೋಣ ಅನ್ನಿಸಿದ್ದು ಆಗಲೇ. ನಾನು ಇತಿಹಾಸ ಓದಿದವನಲ್ಲ. ಗೋಣಿಕೊಪ್ಪಲಿನಲ್ಲಿ ಬಿಕಾಂ ಮಾಡಿದವನು. ಹಾಗಾಗಿ ಇದು ಜಮಾ ಖರ್ಚು ಬರೆಯುವವನ ಚರಿತ್ರೆ ಅಂದುಕೊಂಡೇ ಓದಿ.

ಮೊದಲು ಹೆಸರಿನಿಂದ ಶುರು ಮಾಡುತ್ತೇನೆ. ನಾವು ಕೊಡವರು 'ಪಂದಿ' ಅಂದಾಗ ಕಾಲೇಜಿನಲ್ಲಿ ಬಯಲುಸೀಮೆಯ ಗೆಳೆಯರು ನಗುತ್ತಿದ್ದರು. ಆದರೆ ಹಳಗನ್ನಡದಲ್ಲಿ ಅದು ಪಂದಿಯೇ. ಪಾಲು ಹಾಲಾಯಿತು, ಪೂವು ಹೂವಾಯಿತು, ಪಂದಿ ಹಂದಿಯಾಯಿತು. ಕೊಡವ ತಕ್ಕ್‌ನಲ್ಲಿ ಮಾತ್ರ ಪಕಾರ ಹಾಗೇ ಉಳಿಯಿತು. ಅಂದರೆ ಹತ್ತನೇ ಶತಮಾನದ ಪಂಪ ನಮ್ಮ ಮನೆಗೆ ಬಂದಿದ್ದರೆ ಊಟ ಮಾಡುತ್ತಿದ್ದನೋ ಇಲ್ಲವೋ, ಮಾತಂತೂ ಅರ್ಥವಾಗುತ್ತಿತ್ತು.

ಪಂಪನ ಕಾಲದ್ದೇ ಒಂದು ಕಲ್ಲು ಇದೆ. ಮಂಡ್ಯ ಜಿಲ್ಲೆಯ ಆತಕೂರಿನದು, ಕ್ರಿ.ಶ. 949-50ರ ಶಾಸನ. ಗಂಗ ಬೂತುಗನ ಬಳಿಯಿದ್ದ ಮಣಲೇರ ಎಂಬ ವೀರನ ನಾಯಿ 'ಕಾಳಿ' ಕಾಡುಹಂದಿಯೊಂದಿಗೆ ಹೋರಾಡಿತು. ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಂದಿ ಅಂದರೆ ಕನ್ನಡ ನಾಡಿನಲ್ಲಿ ಆಗ ಶೌರ್ಯದ ಅಳತೆಗೋಲು. ಚಾಲುಕ್ಯರ ಲಾಂಛನವೂ ವರಾಹವೇ. ನಮ್ಮ ಹಳೆಯ ಚಿನ್ನದ ನಾಣ್ಯಕ್ಕೆ 'ವರಹ' ಅಂತ ಹೆಸರು ಬಂದದ್ದು ಅದೇ ಹಂದಿಯಿಂದ. ಬ್ಯಾಂಕಿನವನಾಗಿ ಇದನ್ನು ಹೇಳದಿದ್ದರೆ ಹೇಗೆ?

ವರಾಹ ಲಾಂಛನದ ಆ ವಂಶದ ದೊರೆಯೇ ಹಂದಿಮಾಂಸದ ಅಡುಗೆ ವಿಧಾನವನ್ನೂ ಬರೆಸಿಟ್ಟಿದ್ದಾನೆ ಅನ್ನುವುದು ಇನ್ನೂ ಸ್ವಾರಸ್ಯ. ಕಲ್ಯಾಣದ, ಅಂದರೆ ಇಂದಿನ ಬಸವಕಲ್ಯಾಣದ, ಮೂರನೇ ಸೋಮೇಶ್ವರ. ಹನ್ನೆರಡನೇ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ಬಂದ ಅವನ 'ಮಾನಸೋಲ್ಲಾಸ'ದಲ್ಲಿ ಅನ್ನಭೋಗ ಅಂತಲೇ ಒಂದು ಭಾಗವಿದೆ. ಹಂದಿಗೆ ಬಿಳಿ ಬಟ್ಟೆ ಹೊದಿಸಿ ಕುದಿಯುವ ನೀರು ಸುರಿದು ಕೂದಲು ಸಡಿಲ ಮಾಡಬೇಕು, ಇಲ್ಲವೆ ಹುಲ್ಲಿನ ಬೆಂಕಿಯಲ್ಲಿ ಸುಡಬೇಕು, ಆಮೇಲೆ ಕೆಂಡದ ಮೇಲೆ ಬೇಯಿಸಿ ಹುಳಿ ಉಪ್ಪು ಹಾಕಬೇಕು ಅಂತ ಕ್ರಮವಾಗಿ ಹೇಳುತ್ತಾನೆ. ನಮ್ಮೂರಿನಲ್ಲಿ ಹುಲ್ಲು ಹಾಕಿ ಹಂದಿ ಸುಡುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಆದರೆ ಕನ್ನಡದಲ್ಲೇ ಬರೆದ ಹಳೆಯ ಪಾಕಶಾಸ್ತ್ರ ನೋಡಿ: 1025ರ ಸುಮಾರಿನ ಚಾವುಂಡರಾಯನ 'ಲೋಕೋಪಕಾರ', ಹದಿನಾರನೇ ಶತಮಾನದ ಆರಂಭದ ಮಂಗರಸನ 'ಸೂಪಶಾಸ್ತ್ರ'. ಬರೆದವರು ಜೈನರು, ಅಡುಗೆಯೆಲ್ಲ ಸಸ್ಯಾಹಾರ. ಹೀಗಾಗಿ ಹಂದಿ ಕನ್ನಡದ ಕಲ್ಲಿನಲ್ಲಿದೆ, ಕನ್ನಡ ದೊರೆಯ ಸಂಸ್ಕೃತದಲ್ಲಿದೆ, ಈ ಹಳೆಯ ಕನ್ನಡ ಅಡುಗೆ ಪುಸ್ತಕಗಳಲ್ಲಿ ಮಾತ್ರ ಇಲ್ಲ.

ದೊರೆಯ ಅಡುಗೆಗೂ ಅವ್ವನ ಅಡುಗೆಗೂ ಒಂದು ವ್ಯತ್ಯಾಸವಿದೆ. ದೊರೆ ಕೆಂಡದ ಮೇಲೆ ಸುಟ್ಟು ಅವತ್ತೇ ತಿನ್ನುತ್ತಾನೆ, ನಾಳೆಗೆ ಇನ್ನೊಂದು ಹಂದಿ ಬರುತ್ತದೆ. ಹೊಗೆ ಬೇಕಾಗುವುದು ನಾಳೆಗೆ ಇನ್ನೊಂದು ಹಂದಿ ಇಲ್ಲದವರಿಗೆ. ಹೊಗೆ ಅನ್ನುವುದು ಉಳಿತಾಯ ಖಾತೆ.

ನಮ್ಮೂರು ಕಕ್ಕಬೆಯ ಹತ್ತಿರ, ತಡಿಯಂಡಮೋಳು ಬೆಟ್ಟದ ಬುಡ. ಪುಣೆಗೆ ವರ್ಷವಿಡೀ ಸುರಿಯುವುದು ಸುಮಾರು 700 ಮಿಲಿಮೀಟರ್ ಮಳೆ. ಭಾಗಮಂಡಲದ ಕಡೆ ವರ್ಷಕ್ಕೆ 5000 ದಾಟುವುದು ಮಾಮೂಲು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳಲ್ಲಿ ದಾರಿ ಬಂದ್, ಸಂತೆ ಬಂದ್, ಗದ್ದೆಯಲ್ಲಿ ನಾಟಿ. ಬಟ್ಟೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ. ಬಿಸಿಲಿನಲ್ಲಿ ಮಾಂಸ ಒಣಗಿಸೋಣವೆಂದರೆ ಬಿಸಿಲೆಲ್ಲಿ? ಮನೆಯಲ್ಲಿ ಸದಾ ಒಣಗಿರುವ ಜಾಗ ಒಂದೇ, ಒಲೆಯ ಮೇಲಿನ ಅಟ್ಟ. ಬಿತ್ತನೆಯ ಬೀಜ, ಸೌದೆ, ಮೆಣಸು, ಬುಟ್ಟಿ ಎಲ್ಲ ಅಲ್ಲೇ. ಅದರ ಕೆಳಗೆ ತಂತಿಗೆ ಪೋಣಿಸಿದ ಮಾಂಸ.

ಅವ್ವ ಮಾಡುತ್ತಿದ್ದದ್ದು ಹೀಗೆ. ಮಾಂಸವನ್ನು ಅಂಗೈಯಗಲದ ಉದ್ದ ಪಟ್ಟಿಗಳಾಗಿ ಸೀಳಿ, ಉಪ್ಪು, ಅರಿಸಿನ, ಕುಟ್ಟಿದ ಕರಿಮೆಣಸು ತಿಕ್ಕಿ, ಒಂದು ರಾತ್ರಿ ನೀರು ಬಸಿಯಲು ಬಿಟ್ಟು, ಮಾರನೆಯ ದಿನ ಒಲೆಯ ಮೇಲೆ ಕಟ್ಟುವುದು. ಆಮೇಲೆ ವಾರಗಟ್ಟಲೆ ಅದರ ಯೋಚನೆಯಿಲ್ಲ. ಕೆಳಗೆ ಅನ್ನ ಬೇಯುತ್ತಿರುತ್ತದೆ, ಸ್ನಾನದ ನೀರು ಕಾಯುತ್ತಿರುತ್ತದೆ, ಹೊಗೆ ತನ್ನ ಪಾಡಿಗೆ ಮೇಲೇರುತ್ತಿರುತ್ತದೆ. ಉಪ್ಪು ಮತ್ತು ಶಾಖ ನೀರು ಎಳೆಯುತ್ತವೆ. ಹೊಗೆಯಲ್ಲಿರುವ ಫೀನಾಲ್, ಫಾರ್ಮಾಲ್ಡಿಹೈಡ್, ಆಮ್ಲಗಳು ಮೇಲ್ಮೈಯಲ್ಲಿ ಕೂತು ಬೂಷ್ಟು ಹಿಡಿಯದಂತೆ, ಕೊಬ್ಬು ಕಮಟದಂತೆ ತಡೆಯುತ್ತವೆ. ಅವ್ವನಿಗೆ ಈ ಹೆಸರುಗಳು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಕಪ್ಪಗೆ ಮರದ ತೊಗಟೆಯಂತಾದ ಆ 'ಒಣಕ್ ಯರ್ಚಿ'ಯನ್ನು ಬಿಸಿನೀರಲ್ಲಿ ತೊಳೆದು, ಕಲ್ಲಿನ ಮೇಲೆ ಜಜ್ಜಿ, ಈರುಳ್ಳಿ ಹಾಕಿ ಹುರಿದು, ಕೊನೆಗೆ ನಾಲ್ಕು ಹನಿ ಕಾಚಂಪುಳಿ. ಅದರ ಜೊತೆ ಅಕ್ಕಿ ರೊಟ್ಟಿ. ಹೊರಗೆ ಮಳೆ. ಇನ್ನೇನು ಬೇಕು?

ಇದು ಕೊಡಗಿನದೊಂದೇ ಗುಟ್ಟಲ್ಲ. ನಾಗಾಲ್ಯಾಂಡಿನಲ್ಲೂ ಒಲೆಯ ಮೇಲೆ ಹಂದಿ ತೂಗುತ್ತದೆ. ನಮ್ಮ ಬ್ಯಾಂಕಿಗೆ ಎಜುಕೇಶನ್ ಲೋನಿನ ಕೆಲಸಕ್ಕೆ ಬಂದಿದ್ದ ನಾಗಾ ಹುಡುಗನೊಬ್ಬನಿಗೆ ಇದನ್ನು ಹೇಳಿದಾಗ ಫಾರಮ್ಮು ಬದಿಗಿಟ್ಟು ಅರ್ಧ ಗಂಟೆ ಮಾತಾಡಿದ್ದ. ಹದಿನೇಳನೇ ಶತಮಾನದಲ್ಲಿ ಕೆರಿಬಿಯನ್ ದ್ವೀಪಗಳಲ್ಲಿ ಕಾಡುದನ, ಕಾಡುಹಂದಿ ಬೇಟೆಯಾಡುತ್ತಿದ್ದ ಫ್ರೆಂಚರು ಮರದ ಚಪ್ಪರದ ಮೇಲೆ ಮಾಂಸಕ್ಕೆ ಹೊಗೆ ಹಾಕುತ್ತಿದ್ದರು. ಆ ಚಪ್ಪರಕ್ಕೆ ಅಲ್ಲಿನವರ ಮಾತಿನಲ್ಲಿ ಬುಕಾನ್ ಅಂತ ಹೆಸರು. ಕಡಲ್ಗಳ್ಳರಿಗೆ ಇಂಗ್ಲಿಷಿನಲ್ಲಿ ಬಕನೀರ್ ಅಂತ ಹೆಸರು ಬಂದದ್ದು ಅದರಿಂದಲೇ. ಬಾರ್ಬೆಕ್ಯೂ ಅನ್ನುವ ಪದವೂ ಅದೇ ದ್ವೀಪಗಳದ್ದು, ಅಲ್ಲಿನ ಮೂಲನಿವಾಸಿಗಳ ಮರದ ಅಟ್ಟಣೆಯ ಹೆಸರು. ಎಲ್ಲಿ ಹೋದರೂ ಬೆಂಕಿ, ಅದರ ಮೇಲೊಂದು ಅಟ್ಟ.

ಈ ಅಟ್ಟಕ್ಕೆ ಹಂದಿ ಬರುತ್ತಿದ್ದ ದಾರಿ ಮಾತ್ರ ಬದಲಾಯಿತು. ಅಜ್ಜನ ಕಾಲದಲ್ಲಿ ಕೋವಿ, ಕಾಡು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಸಾಕಿದ ಹಂದಿಯೇ ಗತಿ. ಕೈಲ್ ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ, ತಟ್ಟೆಯಲ್ಲಿ ಅಂಗಡಿಯ ಹಂದಿ, ಜೊತೆಗೆ ಕಡಂಬುಟ್ಟು.

ಈಗ ಪುಣೆಗೆ ಬರುತ್ತೇನೆ. 1990ರ ದಶಕದ ಆರಂಭದಲ್ಲಿ ಟ್ರಾನ್ಸ್‌ಫರ್ ಆಗಿ ಬಂದಾಗ ಪೇಟೆಯ ಒಳಗೊಂದು ಬಾಡಿಗೆ ಮನೆ ಸಿಕ್ಕಿತ್ತು. ಮಾಲೀಕರು ಒಳ್ಳೆಯವರೇ. ಕರ್ನಾಟಕದವನು, ಬ್ಯಾಂಕಿನವನು ಅಂದ ಕೂಡಲೇ ನಾನು ಸಸ್ಯಾಹಾರಿ ಅಂತ ಅವರೇ ತೀರ್ಮಾನ ಮಾಡಿಕೊಂಡರು. ನಾನು ತಿದ್ದಲಿಲ್ಲ. ಎರಡು ವರ್ಷ ತಿದ್ದಲಿಲ್ಲ! ಊರಿಂದ ಅವ್ವ ಬಟ್ಟೆ ಸುತ್ತಿ ಕಳಿಸಿದ್ದ ಒಣಕ್ ಯರ್ಚಿಯನ್ನು ವಾಸನೆ ಹೊರಗೆ ಹೋದೀತೆಂದು ಹೆದರಿ, ಒಂದು ರಾತ್ರಿ ಮುಳಾ ನದಿಯ ಹತ್ತಿರ ನಾಯಿಗಳಿಗೆ ಹಾಕಿ ಬಂದೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಅವ್ವನಿಗೆ ಫೋನಿನಲ್ಲಿ "ಭಾರಿ ಲಾಯ್ಕಿತ್ತು" ಅಂದಿದ್ದೆ.

ಮೈಸೂರಿನ ಎಂ.ಎನ್. ಶ್ರೀನಿವಾಸರು ಕೊಡವರ ಬಗ್ಗೆ ಬರೆದ ಪುಸ್ತಕ 1952ರಲ್ಲಿ ಬಂತು. 'ಸಂಸ್ಕೃತೀಕರಣ' ಎಂಬ ಪದ ಪ್ರಸಿದ್ಧವಾದದ್ದು ಅದರಿಂದಲೇ: ಮೇಲೆ ಹೋಗಬೇಕೆನ್ನುವವರು ಮಾಂಸ, ಮದ್ಯ ಬಿಟ್ಟು ಮೇಲಿನವರ ರೀತಿ ಹಿಡಿಯುವುದು. ಹಂದಿ ತಿಂದೂ ತಲೆಯೆತ್ತಿ ನಡೆಯುವ ಕೊಡವರ ಪುಸ್ತಕದಿಂದ ಆ ಪದ ಹೆಸರಾಯಿತು ಅನ್ನುವುದು ತಮಾಷೆ. ಅದನ್ನು ಓದುವ ಮೊದಲೇ ನಾನು ನದಿ ದಂಡೆಯಲ್ಲಿ ಅದರ ಪ್ರಾಕ್ಟಿಕಲ್ ಮಾಡಿ ಬಂದಿದ್ದೆ.

ನನ್ನನ್ನು ಉಳಿಸಿದ್ದು ಕ್ಯಾಂಪು. 1817ರಲ್ಲಿ ಖಡಕಿಯ ಯುದ್ಧದಲ್ಲಿ ಪೇಶ್ವೆ ಸೋತ ಮೇಲೆ ಬ್ರಿಟಿಷರು ಊರ ಹೊರಗೆ ದಂಡು ಕಟ್ಟಿದರು. ದಂಡಿನ ಹಿಂದೆ ಗೋವಾದವರು, ಪಾರಸಿಗಳು, ಆಂಗ್ಲೋ ಇಂಡಿಯನ್ನರು, ತಮಿಳರು ಬಂದರು. ಬೇಕರಿ, ಮಾಂಸದ ಅಂಗಡಿ ಬಂದವು. ನಮ್ಮ ಜನರಲ್ ತಿಮ್ಮಯ್ಯನವರು ಸೇನಾ ಮುಖ್ಯಸ್ಥರಾಗುವ ಮೊದಲು, 1950ರ ದಶಕದ ಮಧ್ಯದಲ್ಲಿ, ಇದೇ ಪುಣೆಯ ದಕ್ಷಿಣ ಕಮಾಂಡಿನ ಮುಖ್ಯಸ್ಥರಾಗಿದ್ದರು. ಕೊಡವರಿಗೆ ಪುಣೆ ಅಂದರೆ ಮೊದಲು ಪಟ್ಟಾಳದ ಊರು. ಕ್ಯಾಂಪಿನ ಅಂಗಡಿಯಲ್ಲಿ ಮೊದಲ ಸಲ ನಾಚದೆ "ಪೋರ್ಕ್ ಕೊಡಿ, ಕೊಬ್ಬಿರಲಿ" ಎಂದು ಜೋರಾಗಿ ಕೇಳಿದ ದಿನ, ಪಕ್ಕದಲ್ಲಿ ಡುಕ್ರಾ ಮಾಸ್ ಮಾಡಲು ನಿಂತಿದ್ದ ಮಂಗಳೂರಿನವರೊಬ್ಬರು ಕನ್ನಡದಲ್ಲಿ "ನೀವು ಕೂರ್ಗಾ?" ಅಂದರು. ಅವತ್ತಿನಿಂದ ಈ ಊರು ನನ್ನದೂ ಅನ್ನಿಸತೊಡಗಿತು. ಆಮೇಲೆ ವಾನವಡಿಗೆ ಮನೆ ಬದಲಾಯಿಸಿದೆ.

ಗ್ರಿಲ್ಲಿನ ಚರಿತ್ರೆ ಚಿಕ್ಕದು. 1973ರಲ್ಲಿ ಎಣ್ಣೆಯ ಬೆಲೆ ಏರಿದಾಗ ಅಮೆರಿಕದವರು ಮನೆ ಬೆಚ್ಚಗಿಡಲು ಬೇರೆ ಉರುವಲು ಹುಡುಕಿದರು. ಮರದ ಮಿಲ್ಲುಗಳಲ್ಲಿ ಬಿಸಾಡುತ್ತಿದ್ದ ಪುಡಿಯನ್ನು ಒತ್ತಿ ಗುಳಿಗೆ ಮಾಡಿ ಉರಿಸುವುದು ಆಗ ಬೆಳೆದದ್ದು. ಅದೇ ಗುಳಿಗೆಯಿಂದ ಅಡುಗೆ ಮಾಡುವ ಯಂತ್ರವನ್ನು ಆರೆಗನ್ ರಾಜ್ಯದ ಜೋ ಟ್ರೇಗರ್ 1980ರ ದಶಕದಲ್ಲಿ ಮಾಡಿದರು. 1986ರಲ್ಲಿ ಪೇಟೆಂಟ್ ಸಿಕ್ಕಿತು. 2006ರಲ್ಲಿ ಅದರ ಅವಧಿ ಮುಗಿದ ಮೇಲೆ ಬೇರೆ ಕಂಪನಿಗಳೂ ಇಳಿದವು. ಮೂಲದಲ್ಲಿ ಇದು ಕೂಡ ಉಳಿತಾಯದ ಕತೆಯೇ. ಬಿಸಾಡುವ ಪುಡಿಗೂ ಒಂದು ಬೆಲೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಊರಿನ ಒಲೆ ನೆನೆಸಿಕೊಂಡು ಬರೆಯುವಾಗ ನಮ್ಮಂಥ ವಲಸೆಗಾರರ ಕಣ್ಣು ತುಂಬುತ್ತದೆ. ಅವ್ವನ ಕಣ್ಣು ನಿಜವಾಗಿಯೇ ತುಂಬಿರುತ್ತಿತ್ತು, ಹೊಗೆಯಿಂದ. ಕೊನೆಯ ವರ್ಷಗಳಲ್ಲಿ ಅವರಿಗೆ ಉಸಿರಾಟದ ತೊಂದರೆ. ಪುಣೆಗೆ ಕರೆತಂದು ತೋರಿಸಿದಾಗ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ನನ್ನನ್ನು ಕೇಳಿದರು, "ಇವರು ಎಷ್ಟು ವರ್ಷದಿಂದ ಬೀಡಿ ಸೇದುತ್ತಾರೆ?" ಅನುವಾದ ಮಾಡಿ ಹೇಳಿದೆ. ಅವ್ವ ನಕ್ಕುಬಿಟ್ಟರು. "ಬೀಡಿಯಲ್ಲ, ಒಲೆ ಅಂತ ಹೇಳು" ಅಂದರು. ನಲವತ್ತು ವರ್ಷ ದಿನಕ್ಕೆ ಆರೇಳು ಗಂಟೆ ಆ ಅಟ್ಟದ ಕೆಳಗೆ ಇದ್ದದ್ದು ಮಾಂಸವಷ್ಟೇ ಅಲ್ಲ ಅನ್ನುವುದು ನನಗೆ ಆವತ್ತು ಹೊಳೆಯಿತು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವ್ವ ಅದಕ್ಕೂ ಮೊದಲೇ, 2014ರಲ್ಲಿ ಹೋದರು. ಅಣ್ಣ ಮನೆ ರಿಪೇರಿ ಮಾಡಿಸಿ ಒಲೆ ಕಿತ್ತು ಗ್ಯಾಸ್ ಹಾಕಿಸಿದಾಗ ನಾನು ಫೋನಿನಲ್ಲಿ ಜಗಳವಾಡಿದ್ದೆ. ಅತ್ತಿಗೆ ಫೋನ್ ಕಿತ್ತುಕೊಂಡು ಹೇಳಿದ್ದು ಒಂದೇ ಮಾತು: "ಊದುವವರು ಯಾರು, ನೀವು ಬಂದು ಊದುತ್ತೀರಾ?" ನನ್ನಲ್ಲಿ ಉತ್ತರವಿರಲಿಲ್ಲ.

ಹಾಗಾಗಿ ಎರಡನೇ ಸಲ ಡಿಸೆಂಬರಿನಲ್ಲಿ ಗ್ರಿಲ್ ಹಚ್ಚಿದಾಗ ನನ್ನ ಲೆಕ್ಕವೇ ಬೇರೆಯಾಗಿತ್ತು. ಊರಿನ ಒಣಕ್ ಯರ್ಚಿ ಇದರಲ್ಲಿ ಆಗುವುದಿಲ್ಲ. ಅದು ತಣ್ಣನೆಯ ಹೊಗೆಯಲ್ಲಿ ವಾರಗಟ್ಟಲೆ ಒಣಗುವ ಮಾಂಸ, ತಿಂಗಳುಗಟ್ಟಲೆ ಇರುತ್ತದೆ. ಇದು ಬಿಸಿ ಹೊಗೆಯಲ್ಲಿ ಒಂದೇ ದಿನ ಬೇಯುವ ಮಾಂಸ, ಫ್ರಿಜ್ಜಿನಲ್ಲೂ ಮೂರ್ನಾಲ್ಕು ದಿನ ಅಷ್ಟೆ. ಎರಡನ್ನೂ ಒಂದೇ ಅಂದುಕೊಂಡು ಫ್ಲ್ಯಾಟಿನಲ್ಲಿ ಮಾಂಸ ನೇತುಹಾಕಲು ಹೋಗಬೇಡಿ, ವಿಷವಾದೀತು. ಪೆಲೆಟ್ಟನ್ನು ಮುಚ್ಚಳವಿರುವ ಡಬ್ಬದಲ್ಲಿಟ್ಟು ಬೇಕಾದಷ್ಟೇ ಹಾಕಿದೆ. ಕಾರ್ಖಾನೆಗಳ ಬಾಯ್ಲರಿಗೆ ಮಾರುವ ಅಗ್ಗದ ಪೆಲೆಟ್ ಅಡುಗೆಗೆ ಬೇಡ. ಅದರಲ್ಲಿ ಏನೇನು ಸೇರಿರುತ್ತದೋ!

ಬೆಳಿಗ್ಗೆ ಏಳಕ್ಕೆ ಇಟ್ಟೆ. ಹನ್ನೆರಡರ ಹೊತ್ತಿಗೆ ಮಾಂಸದ ಒಳಗಿನ ಶಾಖ 68 ಡಿಗ್ರಿಗೆ ಬಂದು ನಿಂತುಬಿಟ್ಟಿತು. ಒಂದು ಗಂಟೆ, ಎರಡು ಗಂಟೆ, ಮೂರು ಗಂಟೆ... ಅಲ್ಲಾಡಲಿಲ್ಲ. ಹೊಸಬರೆಲ್ಲ ಗಾಬರಿಯಾಗಿ ಬೆಂಕಿ ಹೆಚ್ಚಿಸುವುದು ಇಲ್ಲಿಯೇ. ನಾವು ಬೆವರಿದಾಗ ಮೈ ತಣ್ಣಗಾಗುವ ಹಾಗೆ, ಮಾಂಸದ ನೀರು ಆವಿಯಾಗುತ್ತಾ ಬಂದ ಶಾಖವನ್ನೆಲ್ಲ ಒಯ್ಯುತ್ತಿರುತ್ತದೆ. ಕಾಯಬೇಕು. ನಾನೂ ಕಾದೆ. 74ಕ್ಕೆ ಬಂದ ಮೇಲೆ ಫಾಯಿಲ್ ಸುತ್ತಿದೆ. ಸಂಜೆ ಆರೂವರೆಗೆ 95. ಭುಜದ ಮಾಂಸದ ನಾರು ಕರಗಿ ಜಿಲಾಟಿನ್ ಆಗಿ, ಎಳೆದರೆ ಬಿಡಿಸಿಕೊಳ್ಳುವಂತಾಗುವುದು ಆಗಲೇ. ಒಂದು ಗಂಟೆ ಮುಚ್ಚಿಟ್ಟು ತೂಗಿದೆ. ಮೂರೂವರೆ ಕಿಲೋ ಹೋಗಿ 2.1 ಕಿಲೋ. ನಲವತ್ತು ಶೇಕಡ ಸವಕಳಿ. ಇನ್‌ಕಮ್ ಟ್ಯಾಕ್ಸಿನಲ್ಲಿ ಕಂಪ್ಯೂಟರಿಗೆ ಕೊಡುವ ದರ!

ಅಕ್ಕನ ಮಗ ಹಿಂಜೆವಾಡಿಯಿಂದ ಬಂದ. ಮೇಲಿನ ಮನೆಯ ಕಾಕೂಗೆ ಈ ಸಲ ಮೊದಲೇ ಹೋಗಿ ಹೇಳಿದ್ದೆ: ಹೊಗೆ ಬರುತ್ತದೆ, ಡುಕ್ಕರ್ ಬೇಯಿಸುತ್ತಿದ್ದೇನೆ, ಕಿಟಕಿ ಹಾಕಿಕೊಳ್ಳಿ ಅಂತ. ಅವರು ಒಂದು ಕ್ಷಣ ಸುಮ್ಮನಿದ್ದು, "ಇಷ್ಟು ವರ್ಷ ಹೇಳಿಯೇ ಇರಲಿಲ್ಲವಲ್ಲ" ಅಂದು ಕಿಟಕಿ ಹಾಕಿಕೊಂಡರು. ಮಾರನೆಯ ದಿನ ಎಂದಿನಂತೆ ಡಬ್ಬದಲ್ಲಿ ತಿಳಗುಳ್ ಕಳಿಸಿದರು. ಅಷ್ಟೆ. ಮೂವತ್ತು ವರ್ಷದ ಹಿಂದೆಯೂ ಬಹುಶಃ ಅಷ್ಟೇ ಆಗುತ್ತಿತ್ತೇನೋ.

ಮಾಂಸದ ಮೇಲೆ ಊರಿನ ಕಾಚಂಪುಳಿ ಹನಿಸಿ ಅಕ್ಕಿ ರೊಟ್ಟಿಯ ಜೊತೆ ತಿಂದೆವು. ಅವ್ವನ ರುಚಿ ಬಂತೇ ಅಂತ ಹೆಂಡತಿ ಕೇಳಿದಳು. ಇಲ್ಲ, ಬರಲಿಲ್ಲ. ಆದರೆ ಹನ್ನೊಂದೂವರೆ ಗಂಟೆ ಊದಿದ್ದು ಫ್ಯಾನು, ಯಾರೂ ಕೆಮ್ಮಲಿಲ್ಲ. ಅವ್ವ ಇದ್ದಿದ್ದರೆ ಆ ಪುಟ್ಟ ಫ್ಯಾನನ್ನೇ ಮೊದಲು ಬಗ್ಗಿ ನೋಡುತ್ತಿದ್ದರು ಅನ್ನಿಸಿತು.

ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ಅಲೆದು ಕೊಡವರ ಹಾಡು, ಪದ್ಧತಿಗಳನ್ನು ಸಂಗ್ರಹಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ತಂದರು. ಅಟ್ಟದ ಕೆಳಗೆ ನಿಂತವರ ಲೆಕ್ಕ ಬರೆಯುವುದು ಇನ್ನೂ ಬಾಕಿ ಇದೆ. ನಿಮ್ಮ ಊರಿನ ಮನೆಯಲ್ಲಿ ಒಲೆಯ ಮೇಲೆ ಏನು ತೂಗುತ್ತಿತ್ತು? ಮಾಂಸವೋ, ಮೀನೋ, ಬರೀ ಬೀಜದ ಸೌತೆಯೋ? ಅದನ್ನು ಕಟ್ಟಿದವರು ಇನ್ನೂ ಇದ್ದರೆ ಈ ವಾರವೇ ಫೋನ್ ಮಾಡಿ ಕೇಳಿ. ಹೇಗೆ ಕಟ್ಟುತ್ತಿದ್ದಿರಿ ಅಂತ ಕೇಳಿ, ಕಣ್ಣು ಉರಿಯುತ್ತಿತ್ತಾ ಅಂತಲೂ ಕೇಳಿ.